ಬರ್ಫಿನವನ ಮೊದಲ ಗಾಳ

ಇಪ್ಪತ್ತೆರಡು ವರ್ಷ ಮೀನಿನ ಮ್ಯಾಲ ಬರ್ಫ್ ಸುರದೀನಿ.
ಯಾದಗಿರಿ ಕಾರ್ಖಾನಿಯಿಂದ ಗೋಣಿ ಸುತ್ತಿದ ಲಾದಿ,
ಭೀಮಾ ದಂಡಿಗಿ ಟೆಂಪೋ, ಬಡಗಿ ಏಟು, ಚೂರು ಚೂರು,
ಹೈದರಾಬಾದಿಗಿ ಹೋಗೂ ಡಬ್ಬಿ ತುಂಬ
ಕಣ್ಣು ಮುಚ್ಚದ ಮೀನ.
ಒಂದರ ಮೀನ ನೀರಾಗ ಇದ್ದಾಗ ನೋಡಿದ್ದಿಲ್ಲ.

ಪುಷ್ಯದ ಥಂಡಿ. ಕಂಪ್ರೆಸರ್ ಕೆಟ್ಟು ಮೂರು ದಿನ ಸುಟ್ಟಿ.
ಹಯ್ಯಾಳಪ್ಪ ಅಂದ: "ಲಾಡ್ಲೇಸಾಬ, ಬಾ, ಗಾಳ ಹಾಕಾದು ಕಲಿ.
ರುಮಾಲ ತಾ. ಬೀಡಿ ಬ್ಯಾಡ, ಕೈ ನಾರ್ತದ.
ಮಾತಂತೂ ಬ್ಯಾಡೇ ಬ್ಯಾಡ."

ಬ್ಯಾರೇಜಿನ ಹಿಂದ ನಿಂತ ನೀರು ನೀರಿನಂಗ ಇರ್ಲಿಲ್ಲ.
ಈ ದಂಡಿಯಿಂದ ಆ ದಂಡಿಗಿ ಅಂತರಗಂಗಿ,
ಹಸರ ಚಾಪಿ ಮ್ಯಾಲ ಬೆಳ್ಳನ ಮಂಜು.
ನಮ್ಮ ಕಾರ್ಖಾನಿ ಹೌದು ನೆನಪಾಯ್ತು,
ಗಟ್ಟಿ ಆಗ್ಲಾಕ ಬಿಟ್ಟ ನೀರು.

ಹರಿಗೋಲಿನಿಂದ ಬಗ್ಗಿ ಕುಡಗೋಲಿಲೆ ಕೊಯ್ದ,
ರೊಟ್ಟಿ ಹಂಚಿನಷ್ಟು ಅಗಲ ಒಂದು ತೂತು.
ಒಳಗ ಕರಿ ನೀರು, ಅದರಾಗ ನನ್ನ ಗಡ್ಡ.
"ಕೊರವಗ ನೀರಷ್ಟೇ ಸಾಲಲ್ಲ,
ಗಾಳಿ ಕುಡೀಲಾಕ ಮ್ಯಾಲ ಬರ್ತದ.
ನಾವು ಕಿಟಕಿ ತೆಗದೀವಿ ಅಷ್ಟೇ,
ಕರಿಯೋದು ಅದರ ಪುಪ್ಪುಸ."

ತಂಗೂಸಿ ಎರಡು ಮಾರು. ಬಿದಿರ ಗಳ, ತುದಿ ಮೆತ್ತಗ.
ಬೆಂಡು ಹಳೇ ಚಪ್ಪಲಿದು.
ಗಾಳಕ್ಕ ಗಂಟು ಹಾಕ್ಲಾಕ ಹೋದ್ರ
ಹಯ್ಯಾಳಪ್ಪನ ಬೆರಳು ಸೆಟದು ಬಾಗಲಿಲ್ಲ,
ಎಪ್ಪತ್ತು ವರ್ಷದ ಬೆರಳು.
ನನ್ನವ ಬರ್ಫಿಗಿ ಪಳಗಿದವ.
ಮೂರು ಸುತ್ತು, ಉಗುಳು, ಎಳತ.
ಅವ ಗಂಟು ತಿರುವ್ಯಾಡಿ ನೋಡಿ ಏನೂ ಅನ್ಲಿಲ್ಲ.
ಅದೇ ಶಭಾಸ್.

ಕುಂತೆವು. ಯಾವ ಕಡಿಂದೋ ರೈಲಿನ ಸದ್ದು,
ಆಚಿ ಜ್ವಾಳದ ಹೊಲದಾಗ ಯಾರೋ ಹಕ್ಕಿ ಹೊಡಿಯೋ ಕೂಗು.
ಕಾಲಾಗ ನೀರು, ಮೂಗಿನ ತುದಿ ಇದ್ದಿದ್ದೇ ಗೊತ್ತಿಲ್ಲ.
ಆಮ್ಯಾಲ,
ಗುಳುಕ್.

ಮೀನಲ್ಲ, ಮೀನಿನ ಉಸುರು.
ಒಂದು ಗುಳ್ಳಿ ಎದ್ದು ಒಡೀತು.
ಬೆಂಡು ಅಲುಗಿತು, ನಾ ಜಗ್ಗಿದೆ,
ಗಾಳ ಬರೇ ಬಂದು ನನ್ನ ರುಮಾಲಿಗೇ ಸಿಕ್ತು.
"ಗಿರಾಕಿ ಬಾಗಲಿಗಿ ಬರೂದ್ರಾಗ ತಕ್ಕಡಿ ಎತ್ತಿದಿ," ಅಂದ.
"ಕಚ್ಚಲಿ. ತಗೊಂಡು ತಿರುಗಲಿ.
ಹತ್ತರ ತನಕ ಎಣಿಸು. ನಿನಗ ಎಣಿಸೋದು ಬರ್ತದಲ್ಲ, ಲಾದಿ ಎಣಸಾಂವ?"

ಮಳಿಗಾಲದ್ದೂ ಹೇಳ್ದ, ನಾ ಕೇಳಿದ್ದಿಲ್ಲ.
ಕುಂಕುಮ ಚೆಲ್ಲಿದಂಗ ಕೆಂಪು ಮರಿ,
ಅವುರ ಕೆಳಗ ಅಪ್ಪ ಅವ್ವ ಇಬ್ಬರೂ ಕಾವಲ.
"ಆವಾಗ ಗಾಳ ಬಿಟ್ಟವ
ನಮ್ಮ ಓಣ್ಯಾಗ ನೀರಿಗೂ ಹುಟ್ಟಲ್ಲ."

ಬಿಸಲು ಏರಿ ಮಂಜು ಹರೀತು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ,
ತಿಂತಾ ತಿಂತಾ ಬೆಂಡು ಇಲ್ಲ.
ಒಂದು, ಎರಡು. ರೊಟ್ಟಿ ಬಾಯಾಗೇ ಇತ್ತು.
ಏಳು. ಗಳ ಬಾಗಿತು.
ಹತ್ತು.

ತೋಳಿನಷ್ಟು ಕರಿ ಮೈ, ಹಾವಿನ ತಲಿ,
ಹರಿಗೋಲಿನ ತಳ ಬಡಿದು ಬಡಿದು
ನನ್ನ ಎದಿಯಾಗ ಬಡೀತು.
ಟೆಂಪೋದಾಗ ಎರಡು ಲಾದಿ ಉಳದಿದ್ವು,
ರೂಢಿಲೆ ಬಡಗಿ ತಗೊಂಡೆ.
ಹಯ್ಯಾಳಪ್ಪ ಕೈ ಹಿಡದ:
"ಹಸಿ ಗೋಣಿ ಸಾಕು. ಸಂಜೀತನಕ ಜೀವ ಹಿಡೀತದ.
ಕೊರವಗ ನಿನ್ನ ಬರ್ಫ್ ಬ್ಯಾಡ."

ಯಾದಗಿರಿತನಕ ಬಾಜೂ ಸೀಟಿನ ಮ್ಯಾಲ ಗೋಣಿ ಏರತಿತ್ತು, ಇಳೀತಿತ್ತು.
ಗುಂಡಿ ಬಂದಲ್ಲೆಲ್ಲ ಗೇರ್ ಸಣ್ಣ ಮಾಡ್ದೆ.

ಝುಲೇಖಾ ಬಕೀಟಿನ್ಯಾಗ ಬಿಟ್ಟಳು.
ಮಕ್ಕಳು ಸುತ್ತ ಕುಂತು ಕಾದವು, ಮಾತಿಲ್ಲ ಕತಿಯಿಲ್ಲ.
ರಾತ್ರಿ ನಿದ್ದಿ ಹತ್ತೂ ಹೊತ್ತಿಗಿ
ಬಚ್ಚಲದಿಂದ ಗುಳುಕ್.
"ನಾಳಿ ಕೊಯ್ಯಾದು ನೀವೇ," ಅಂದಳು ಆಕಿ ಕತ್ತಲದಾಗ.
ನಾ ಮಲಗಿದಂಗ ಮಾಡ್ದೆ,
ಮುಂದಿನ ಉಸುರಿಗಿ ಎಣಸ್ಕೋತ.